ಟ್ವೈಲಾ ಮೊದಲೇ ಸಹಿ ಮಾಡಿಟ್ಟ ಹಾಳೆ

ಬೇಯಿಸಿ ನುರಿದ ಸೇಬಿನ ಗೊಜ್ಜು ಕಂಡರೆ ವರ್ಲೀನ್ ಸ್ಟಕಿಗೆ ವಾಕರಿಕೆ. ಬಾರದೆ ಇನ್ನೇನು? ಹತ್ತೊಂಬತ್ತು ವರ್ಷ, ದಿನಕ್ಕೆ ಮೂರು ಹೊತ್ತು, ಮಾತ್ರೆ ಕುಟ್ಟಿ ಪುಡಿ ಮಾಡಿ, ಅದೇ ಗೊಜ್ಜಿನಲ್ಲಿ ಕಲಸಿ, ಹಲ್ಲಿಲ್ಲದ ಬಾಯಿಗಳ ಮುಂದೆ ಚಮಚ ಹಿಡಿದವಳು ಅವಳು. ಕ್ಯಾನ್ಸಸ್‌ನ ಆ ಗೋಧಿ ಊರಿನ ಆರೈಕೆ ಮನೆಯಲ್ಲಿ ಮಾತ್ರೆಗಾಡಿಯ ವರ್ಲೀನ್ ಎಂದೇ ಅವಳಿಗೆ ಹೆಸರು. ಗಾಡಿಯ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ಅರ್ಧ ಜನ ಮುದುಕರು ತಾವಾಗಿಯೇ ಬಾಯಿ ತೆರೆಯುತ್ತಿದ್ದರು.

ಅವಳ ಕೆಲಸಕ್ಕೆ ಎಲ್ಲೆ ಹಾಕಿಟ್ಟಿದ್ದರು. ನುಂಗುವ ಮಾತ್ರೆ ಕೊಡಬಹುದು, ಸೂಜಿ ಮುಟ್ಟಬಾರದು. ನಾಡಿ ಎಣಿಸಿ ಬರೆಯಬಹುದು, ಆ ಎಣಿಕೆಗೆ ಅರ್ಥ ಹೇಳಬಾರದು. 'ಬೇಕಾದಾಗ ಮಾತ್ರ' ಎಂದು ಡಾಕ್ಟರು ಬರೆದ ಮಾತ್ರೆಯಿದ್ದರೆ, ಬೇಕೋ ಬೇಡವೋ ಎಂಬುದನ್ನು ನರ್ಸೇ ಖುದ್ದಾಗಿ ಬಂದು, ಆ ಮನುಷ್ಯನನ್ನು ನೋಡಿ ಹೇಳಬೇಕು. ಆಮೇಲಷ್ಟೇ ವರ್ಲೀನ್ ಕೊಡಬೇಕು. ತರಬೇತಿಯಲ್ಲಿ ಇದನ್ನೇ ಉರು ಹೊಡೆಸಿದ್ದರು. ಅವಳಿಗೂ ಇದರಲ್ಲಿ ತಕರಾರೇನೂ ಇರಲಿಲ್ಲ. ಓದಿದವರು ನೋಡಲಿ, ಅದೇ ಸರಿ.

ಆದರೆ ನೋಡುವವರು ಬರಬೇಕಲ್ಲ! ಐವತ್ತೆಂಟು ಮುದುಕರಿಗೆ ಒಬ್ಬಳೇ ನರ್ಸು, ಟ್ವೈಲಾ. ಯಜಮಾನ ಕಂಪನಿ ಇನ್ನೊಬ್ಬಳನ್ನು ಇಡಲಿಲ್ಲ, ಬಾಗಿಲ ಮುಂದೆ ಬಣ್ಣದ ದೀಪದ ಕಾರಂಜಿ ಇಟ್ಟಿತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಟ್ವೈಲಾ ತನ್ನದೇ ದಾರಿ ಕಂಡುಕೊಂಡಳು. ಪ್ರತಿ ಶುಕ್ರವಾರ ಕಾಫಿ ಕುಡಿಯುತ್ತ, ಬರುವ ವಾರದ ಹಾಳೆಗಳಲ್ಲಿ 'ನಾನು ನೋಡಿದ್ದೇನೆ, ಕೊಡಬಹುದು' ಎಂಬ ಸಾಲುಗಳ ಪಕ್ಕ ಮೇಲಿಂದ ಕೆಳಗೆ ಸಹಿ ಗೀಚಿಡುತ್ತಿದ್ದಳು. ತಾರೀಖು, ಹೊತ್ತು ಎಲ್ಲ ಖಾಲಿ. ಬೇಕಾದಾಗ ವರ್ಲೀನ್ ತುಂಬಿಕೊಳ್ಳಬೇಕು. ಮಂಗಳವಾರ ನರಳುವವನನ್ನು ಶುಕ್ರವಾರವೇ ನೋಡಿ ಮುಗಿಸುವ ಕಣ್ಣು, ಆಹಾ! ಮೊದಲ ಸಲ ವರ್ಲೀನ್ ಮುಖ ಸಿಂಡರಿಸಿದ್ದಳು. ಹೇಸಿಗೆಯೂ ಅಭ್ಯಾಸವಾಗುತ್ತದೆ ನೋಡಿ, ಎರಡನೆಯ ತಿಂಗಳಿಗೆ ತೆಪ್ಪಗೆ ತುಂಬತೊಡಗಿದಳು.

ಓರ್ವಲ್ ರೆಗಿಯರ್‌ಗೆ ಎಂಬತ್ನಾಲ್ಕು ವರ್ಷ. ಊರ ಗೋಧಿ ಕಣಜದಲ್ಲಿ ನಲವತ್ತು ವರ್ಷ ಲಾರಿ ತೂಗಿದವನು. ಲಕ್ವ ಹೊಡೆದು ಮಾತು ಹೋದ ಮೇಲೆ ಅವನ ನಾಲಿಗೆಯಲ್ಲಿ ಉಳಿದದ್ದು ಎರಡೇ ಶಬ್ದ: "ಲಾರಿ ಬಂತು." ಹಸಿವಾದರೂ ಅದೇ, ತಿಂಗಳಿಗೊಮ್ಮೆ ಮಗಳು ಲೊರೆಟಾ ಎಲೆಕೋಸು, ಮಾಂಸ ತುಂಬಿದ ಬನ್ನು ತಂದರೂ ಅದೇ. ಯಾವ ಲಾರಿ ಹಸಿವಿನದು, ಯಾವುದು ಖುಷಿಯದು ಎಂದು ದನಿಯಲ್ಲೇ ಹೇಳಬಲ್ಲವಳು ಇಡೀ ಮನೆಯಲ್ಲಿ ವರ್ಲೀನ್ ಒಬ್ಬಳೇ.

ಆ ಭಾನುವಾರ ಸಂಜೆ ಊಟದ ಹೊತ್ತಿಗೆ ಅವನು ಕಿರುಚತೊಡಗಿದ. "ಲಾರಿ! ಲಾರಿ ಬಂತು! ಲಾರಿ!" ಇಂಥ ಲಾರಿಯನ್ನು ವರ್ಲೀನ್ ಎಂದೂ ಕೇಳಿರಲಿಲ್ಲ. ಪಕ್ಕದ ಮೇಜಿನವರು ಚಮಚ ಕುಟ್ಟಿ ಬೈದರು. ಟ್ವೈಲಾ ತನ್ನ ಕೋಣೆಯಿಂದಲೇ ಕೂಗಿದಳು, "ಅವನ ಹಾಳೆ ಇದ್ಯಲ್ಲ, ಮಂಪರು ಮಾತ್ರೆ ಕೊಡೇ!" ವರ್ಲೀನ್ ಹೊತ್ತು ಬರೆದಳು, ಮಾತ್ರೆ ಕುಟ್ಟಿದಳು, ಗೊಜ್ಜಿನಲ್ಲಿ ಕಲಸಿ ಕೊಟ್ಟಳು. ಅರ್ಧ ಗಂಟೆಗೆಲ್ಲ ಓರ್ವಲ್‌ನ ಗದ್ದ ಸೂಪಿಗೆ ತಾಗುತ್ತಿತ್ತು. ಸೋಮವಾರವೂ ಹಾಗೇ ಆಯಿತು.

ಮಂಗಳವಾರ ಅವಳು ಟ್ವೈಲಾಳ ಬಾಗಿಲಲ್ಲಿ ನಿಂತಳು.

"ಅದು ಸಿಟ್ಟಿನ ಕೂಗಲ್ಲ ಕಣೇ, ನೋವಿನ ಕೂಗು. ಬಂದು ಒಂದ್ಸಲ ನೋಡು."

"ನೋವು ಅಂತ ನೀನು ಹೆಂಗೆ ಹೇಳ್ತೀಯ? ಅದನ್ನ ಹೇಳೋದು ನನ್ನ ಕೆಲಸ."

"ಅದಕ್ಕೇ ಬಾ ಅಂತಿರೋದು, ಮಾರಾಯ್ತಿ!"

"ಮುಂದಿನ ವಾರ ಸರಕಾರದ ತಪಾಸಣೆಯವ್ರು ಬರ್ತಾರೆ, ಕತ್ತಿನ ತನಕ ಕಾಗದ ಬಿದ್ದಿದೆ ನಂಗೆ. ಸಹಿ ಹಾಕಿದೀನಲ್ಲ? ಕೊಟ್ಟು ಹೋಗು. ಡಾಕ್ಟರಮ್ಮ ಆಗಕ್ಕೆ ಬರ್ಬೇಡ."

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಕಂಡವಳಿಗೆ ಹೇಳುವ ಅಧಿಕಾರವಿಲ್ಲ, ಅಧಿಕಾರವಿದ್ದವಳು ಕುರ್ಚಿ ಬಿಟ್ಟು ಏಳುವುದಿಲ್ಲ. ಥೂ! ಆದರೂ ಹೇಳಲೇಬೇಕು, ಮಂಗಳವಾರವೂ ವರ್ಲೀನ್ ಆ ಮಾತ್ರೆ ಕೊಟ್ಟಳು. ಗೊತ್ತಿದ್ದೂ ಕೊಟ್ಟಳು.

ಬುಧವಾರ ಸಂಜೆ ಚಮಚ ಅವನ ತುಟಿಯ ಹತ್ತಿರ ಹೋಗಿತ್ತು. ಓರ್ವಲ್ ಬಾಯಿ ತೆರೆದ. ಕೂಗುವುದನ್ನು ನಿಲ್ಲಿಸಿ, ಹತ್ತೊಂಬತ್ತು ವರ್ಷ ಎಲ್ಲರೂ ತೆರೆದ ಹಾಗೆ, ಅವಳನ್ನು ನಂಬಿ ತೆರೆದ. ಅವನ ಎಡಗೈ ಮಾತ್ರ ಎಡ ತೊಡೆಯ ಮೇಲಿನ ಪ್ಯಾಂಟನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿತ್ತು. ವರ್ಲೀನ್ ಚಮಚ ಹಿಂದಕ್ಕೆಳೆದಳು. ಬಟ್ಟಲನ್ನು ಗಾಡಿಯೊಳಗಿಟ್ಟು ಬೀಗ ಹಾಕಿ, ಊಟದ ಮನೆಯ ಗೋಡೆಯ ಫೋನೆತ್ತಿ ಆಂಬ್ಯುಲೆನ್ಸ್ ಕರೆದಳು.

"ನಾನು ನರ್ಸಲ್ಲ. ಇಲ್ಲೊಬ್ಬರು ವಯಸ್ಸಾದವ್ರು ಇದಾರೆ, ಕಾಲು ನೋವು. ಇಲ್ಲಿ ಯಾರೂ ನೋಡ್ತಿಲ್ಲ, ನೀವಾದ್ರೂ ಬಂದು ನೋಡಿ."

ಆಂಬ್ಯುಲೆನ್ಸಿನ ಸದ್ದು ಕೇಳಿ ಓರ್ವಲ್ ಮೆಲ್ಲಗೆ "ಲಾರಿ ಬಂತು" ಎಂದ.

"ಹೂಂ ಓರ್ವಲ್, ಬಂತು," ಎಂದಳು ವರ್ಲೀನ್.

ಆಂಬ್ಯುಲೆನ್ಸಿನಲ್ಲಿ ಬಂದ ಹುಡುಗಿ ಕತ್ತರಿಯಿಂದ ಅವನ ಪ್ಯಾಂಟು ಸೀಳಿದಳು. ಎಡಗಾಲು ಗಿಡ್ಡವಾಗಿ, ಹೊರಕ್ಕೆ ತಿರುಚಿಕೊಂಡಿತ್ತು. ಸೊಂಟದಿಂದ ಮಂಡಿಯವರೆಗೆ ಬದನೆಕಾಯಿಯ ಬಣ್ಣ. ಸೊಂಟದ ಮೂಳೆ ಮುರಿದಿತ್ತು. ಆಮೇಲೆ ಗೊತ್ತಾದದ್ದು: ಶನಿವಾರ ಸ್ನಾನಕ್ಕೆ ಎತ್ತುವಾಗ ಯಾರೋ ಬೀಳಿಸಿ, ಮತ್ತೆ ಎತ್ತಿ ಕೂರಿಸಿ, ಬಾಯಿಮುಚ್ಚಿಕೊಂಡಿದ್ದರು. ಮುರಿದ ಮೂಳೆಯ ಮೇಲೆ ಅವನನ್ನು ನಾಲ್ಕು ದಿನ ಮೂರು ಹೊತ್ತು ಊಟಕ್ಕೆ ಕೂರಿಸಿದ್ದರು. ವರ್ಲೀನ್ ಕೆಲಸದವರ ಪಾಯಿಖಾನೆಗೆ ಓಡಿ ವಾಂತಿ ಮಾಡಿಕೊಂಡಳು.

ಮಾರನೆಯ ಬೆಳಿಗ್ಗೆ ಮ್ಯಾನೇಜರ್ ಬ್ರೆಂಟ್ ಅವಳನ್ನು ಕೋಣೆಗೆ ಕರೆಸಿದ. ಟ್ವೈಲಾ ಪಕ್ಕದಲ್ಲಿ ಉಗುರು ನೋಡಿಕೊಳ್ಳುತ್ತ ಕೂತಿದ್ದಳು.

"ನರ್ಸು ನೋಡದೇನೇ ಮೂರು ದಿನ ಮಂಪರು ಮಾತ್ರೆ ಕೊಟ್ಟಿದೀಯ," ಎಂದ ಬ್ರೆಂಟ್. "ನಿನ್ನೆ ನೀನೇ ನೋಡಿ ನೋವು ಅಂತ ತೀರ್ಮಾನ ಮಾಡಿದೀಯ. ಎರಡೂ ನಿನ್ನ ಎಲ್ಲೆ ಮೀರಿದ್ದು."

"ಟ್ವೈಲಾ ಸಹಿ ಹಾಕಿಟ್ಟ ಹಾಳೆ ತೆಗೀರಿ, ನೋಡೋಣ."

"ಯಾವ ಹಾಳೆ?" ಎಂದಳು ಟ್ವೈಲಾ. ತಲೆ ಎತ್ತಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಛೀ, ಎಂಥ ಜನ! ಅಲ್ಲೇ ಮುಖಕ್ಕೆ ಉಗಿದು ಬರಬೇಕೆನಿಸಿತು ವರ್ಲೀನ್‌ಗೆ. ಆದರೆ ಈ ಎಮ್ಮೆಯೂ ಸಾಚಾ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಉಗಿಯಲು ಬಾಯಿ ಬರಲಿಲ್ಲ.

ಬ್ರೆಂಟ್ ಒಂದು ಹಾಳೆ ಮುಂದಕ್ಕೆ ತಳ್ಳಿದ. ಮೇಲೆ ಆರೈಕೆ ಮನೆಯ ಹೆಸರು, ಕೆಳಗೆ ಸಹಿಗೊಂದು ಗೆರೆ, ನಡುವೆ ಪೂರಾ ಖಾಲಿ.

"ಬರೀ ಎಚ್ಚರಿಕೆ ಪತ್ರ ಅಷ್ಟೇ. ಸಹಿ ಹಾಕಿದ್ರೆ ನಿನ್ನ ಕೆಲಸ ಉಳಿಯುತ್ತೆ, ಮಾತ್ರೆ ಕೊಡೋ ಸರ್ಟಿಫಿಕೇಟೂ ಉಳಿಯುತ್ತೆ. ಮೇಲಿನದನ್ನ ಆಮೇಲೆ ತುಂಬ್ಕೋತೀವಿ."

ವರ್ಲೀನ್‌ಗೆ ನಗು ಬಂತು, ಕೆಟ್ಟ ನಗು. ಪೆನ್ನು ತೆಗೆದುಕೊಂಡಳು. ಮಾತ್ರೆಯ ಹಾಳೆ ತುಂಬುವ ಅದೇ ಪುಟ್ಟ, ನೆಟ್ಟಗಿನ ಅಕ್ಷರಗಳಲ್ಲಿ ಖಾಲಿ ಜಾಗದಲ್ಲಿ ಬರೆದಳು: 'ಭಾನುವಾರ, ಸೋಮವಾರ, ಮಂಗಳವಾರ, ಸಂಜೆ ಐದೂವರೆಗೆ, ಓರ್ವಲ್ ರೆಗಿಯರ್‌ಗೆ ನಾನು ಮಂಪರು ಮಾತ್ರೆ ಕೊಟ್ಟೆ. ಟ್ವೈಲಾ ಬಂದು ನೋಡಲಿಲ್ಲ. ಸಹಿ ಮೊದಲೇ ಇತ್ತು. ಅವರಿಗೆ ನೋವಿತ್ತು. ನನಗೆ ಗೊತ್ತಿತ್ತು.' ಕೆಳಗೆ ಸಹಿ ಹಾಕಿದಳು.

ಬ್ರೆಂಟ್ ಓದಿದ. ಕಿವಿ ಕೆಂಪಾಯಿತು. "ನೋವಿತ್ತು ಅಂತ ಬರೆಯೋ ಅಧಿಕಾರ ನಿಂಗಿಲ್ಲ."

"ಇಲ್ಲ," ಎಂದಳು ವರ್ಲೀನ್. "ಮಾತ್ರೆ ಕೊಡೋ ಅಧಿಕಾರ ಇತ್ತು. ಕೊಟ್ಟೆ."

ಅವನ ಕೈಯಿಂದ ಹಾಳೆ ಕಿತ್ತುಕೊಂಡು, ಗಾಡಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ನೇರ ಆಸ್ಪತ್ರೆಗೆ ಹೋದಳು. ಓರ್ವಲ್ ಆಪರೇಷನ್ ಮುಗಿದು ಮಲಗಿದ್ದ. ಲೊರೆಟಾ ಅಪ್ಪನ ಕೈ ಹಿಡಿದು ಕೂತಿದ್ದಳು. ವರ್ಲೀನ್ ಕೊಟ್ಟ ಹಾಳೆಯನ್ನು ಎರಡು ಸಲ ಓದಿ, ಮಡಚಿ ಕೈಚೀಲದೊಳಗಿಟ್ಟುಕೊಂಡಳು. ಪಕ್ಕದಲ್ಲಿ ಇನ್ನೊಂದು ಕುರ್ಚಿ ಖಾಲಿಯಿತ್ತು. ವರ್ಲೀನ್‌ಗೆ ಅವಳು 'ಕೂತ್ಕೋ' ಅನ್ನಲಿಲ್ಲ.