ಗೋರಿ ಕೇಳಲು ಬಂದವರು

ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಎಂದರೆ ಬೆಳಗಾವಿಯ ವಡಗಾವಿಯಲ್ಲಿದ್ದ ನಮ್ಮ ಮನೆಯಲ್ಲಿ ಮೊದಲು ಎರಡು ಕೆಲಸ ನಡೆಯುತ್ತಿದ್ದವು. ಅಪ್ಪ ಮಗ್ಗ ನಿಲ್ಲಿಸುತ್ತಿದ್ದ. ಅವ್ವ ನನ್ನನ್ನು ಪಕ್ಕದ ಮನೆಗೆ ಅಟ್ಟುತ್ತಿದ್ದಳು. ಮಗ್ಗ ನಿಲ್ಲಿಸುವುದು ಸದ್ದಿನ ಕಾರಣಕ್ಕೆ, ನನ್ನನ್ನು ಅಟ್ಟುವುದು ಬಣ್ಣದ ಕಾರಣಕ್ಕೆ. ನಾನು ಅವ್ವನ ಹಾಗೆ ಬೆಳ್ಳಗಿದ್ದೆ, ಅಕ್ಕ ಅಪ್ಪನ ಹಾಗೆ ಕಪ್ಪಗಿದ್ದಳು. ಬಂದವರ ಕಣ್ಣು ಸಣ್ಣವಳ ಮೇಲೆ ಬಿದ್ದರೆ ದೊಡ್ಡವಳು ಮನೆಯಲ್ಲೇ ಉಳಿಯುತ್ತಾಳೆಂಬ ಹೆದರಿಕೆ ಓಣಿಯ ತಾಯಂದಿರಿಗೆಲ್ಲ ಇತ್ತು. ಮಾರಬೇಕಾದ ಸೀರೆಯ ಪಕ್ಕದಲ್ಲಿ ಅದಕ್ಕಿಂತ ಹೊಳೆಯುವ ಸೀರೆ ಬಿಚ್ಚಿಡಬಾರದು ಎಂದು ನೇಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅವ್ವ ಅಕ್ಕನನ್ನು ಕಪ್ಪು ಎಂದು ಒಮ್ಮೆಯೂ ಅಂದವಳಲ್ಲ. ಮನೆಯವರ ಮುಂದೆ ‘ಸಾದಗಪ್ಪು’ ಅನ್ನುತ್ತಿದ್ದಳು. ಮದುವೆಯ ಮಾತು ತಂದವರ ಮುಂದೆ ಅದೇ ಮುಖ ‘ಗೋದಿಬಣ್ಣ’ವಾಗುತ್ತಿತ್ತು. ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಅಕ್ಕನನ್ನು ನಡೆಸಿ, ಜಡೆ ಬಿಚ್ಚಿಸಿ ನೋಡಿ, “ಊರಿಗಿ ಹೋಗಿ ತಿಳಸ್ತೀವ್ರಿ” ಎನ್ನುತ್ತಿದ್ದರು. ಊರಿಗೆ ಹೋದವರು ಹೋಗಿಯೇ ಬಿಡುತ್ತಿದ್ದರು. ಆ ‘ತಿಳಸ್ತೀವ್ರಿ’ ಎಂಬ ಮಾತು ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ನನ್ನನ್ನು ಅಟ್ಟುತ್ತಿದ್ದದ್ದು ಖಾಲಾನ ಮನೆಗೆ. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ಓಣಿಯ ಮಕ್ಕಳಿಗೆಲ್ಲ ಅವಳು ಖಾಲಾನೇ. ಅವಳ ಮಗ ಕುವೈತಿನಲ್ಲಿದ್ದ. ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಅವನು ಬಣ್ಣದ ಟೀವಿಯನ್ನೂ ವಿಸಿಆರ್ ಅನ್ನೂ ಮನೆಗೆ ತಂದಿಟ್ಟು ಹೋಗಿದ್ದ. ಜೊತೆಗೆ ಬಂದಿದ್ದ ಒಂದು ಕ್ಯಾಸೆಟ್ಟಿನಲ್ಲಿ ಬರೀ ಇಂಗ್ಲಿಷ್ ಹಾಡುಗಳು. ಅದರಲ್ಲಿ ಒಂದು ಹಾಡನ್ನು ಓಣಿಯ ಹೆಂಗಸರು ಮತ್ತೆ ಮತ್ತೆ ಹಾಕಿಸಿಕೊಂಡು ನೋಡುತ್ತಿದ್ದರು. ಮಾತು ಒಂದೂ ತಿಳಿಯುತ್ತಿರಲಿಲ್ಲ, ಚಿತ್ರ ಮಾತ್ರ ಎಲ್ಲರಿಗೂ ಪಾಠವಾಗಿತ್ತು.

ಆ ಹಾಡಿನ ಶುರುವಿನಲ್ಲಿ ಟೇಪು ಸುಕ್ಕಾಗಿ ಪರದೆ ತುಂಬ ಗೆರೆಗಳು ಓಡುತ್ತಿದ್ದವು. ಗೆರೆ ನಿಂತು ಚಿತ್ರ ಕಾಣುವ ಹೊತ್ತಿಗೆ ಕುತ್ತಿಗೆ ಮುಚ್ಚುವ ಅಂಗಿ, ಕೈಗೆ ಗವಸು ತೊಟ್ಟ ಒಬ್ಬ ಹುಡುಗಿ ಕನ್ನಡಿಯ ಮುಂದೆ ಕೂತಿರುತ್ತಿದ್ದಳು. ಮುಖಕ್ಕೆ ಆಗಲೇ ಬಿಳಿ ಪೌಡರ್ ಬಳಿದಾಗಿರುತ್ತಿತ್ತು. ಸುತ್ತಲಿಂದ ಕೈಗಳು ಬರುತ್ತಿದ್ದವು, ಬರೀ ಕೈಗಳು. ಯಾರ ಕೈ ಎಂದು ಕಾಣುತ್ತಿರಲಿಲ್ಲ. ಒಂದು ಹುಬ್ಬು ಕೀಳುತ್ತಿತ್ತು. ಇನ್ನೊಂದು ಟೇಪು ಹಿಡಿದು ಸೊಂಟ ಅಳೆಯುತ್ತಿತ್ತು. ಮತ್ತೊಂದು ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿ, ಒಪ್ಪದೆ, ಇನ್ನಷ್ಟು ಬಿಳಿ ಬಳಿಯುತ್ತಿತ್ತು. ಕೊನೆಗೆ ಹುಡುಗಿ ಎದ್ದು ನಿಲ್ಲುತ್ತಿದ್ದಳು. ಕತ್ತಲಲ್ಲಿ ಕೂತ ಜನ ಚಪ್ಪಾಳೆ ತಟ್ಟುತ್ತಿದ್ದರು.

“ನೋಡ ಬೇಟಿ, ಹೆಂಗಿದ್ದಾಕಿ ಹೆಂಗ ಆದ್ಳು,” ಎಂದು ಖಾಲಾ ಪ್ರತಿಸಲ ಮೆಚ್ಚುತ್ತಿದ್ದಳು. ಹುಡುಗಿ ಗೆದ್ದಳೆಂದೇ ನಾವೆಲ್ಲ ತಿಳಿದಿದ್ದೆವು. ಯಾವ ಬಣ್ಣ ಎಲ್ಲಿ ಹಚ್ಚಿದರು, ಹುಬ್ಬು ಎಷ್ಟು ಸಣ್ಣ ಮಾಡಿದರು ಎಂದು ಹೆಂಗಸರು ಪರದೆಯ ಹತ್ತಿರ ಹೋಗಿ ನೋಡುತ್ತಿದ್ದರು. ಇದನ್ನೆಲ್ಲ ಹಂಗಿಸಲೆಂದೇ ಕಟ್ಟಿದ ಹಾಡು ಅದು ಎಂದು ಖಾಲಾನ ಮಗ ರಜೆಗೆ ಬಂದಾಗ ಹೇಳಿದ. ಅಷ್ಟರಲ್ಲಿ ಆಗಬೇಕಾದದ್ದೆಲ್ಲ ಆಗಿಹೋಗಿತ್ತು.

ಅಕ್ಕ ಆ ಹಾಡನ್ನು ಒಮ್ಮೆ ನೋಡಿದ್ದಳು. ನನ್ನನ್ನು ಕರೆಯಲು ಬಂದವಳು ಬಾಗಿಲಲ್ಲೇ ನಿಂತು ಕೊನೆಯವರೆಗೂ ನೋಡಿ, “ಆಕಿ ಅಳಾಕತ್ತಾಳ,” ಎಂದಳು.

“ಅಳೂದ್ಯಾಕವ್ವಾ? ಪೌಡರ್ ಕಣ್ಣಾಗ ಹೋಗಿರಬೇಕು,” ಎಂದಳು ಖಾಲಾ.

ಖಾನಾಪುರದ ಸಂಬಂಧ ಬಂದದ್ದು ಆ ಮಳೆಗಾಲದಲ್ಲಿ. ತಂದವಳು ಅಪ್ಪನ ತಂಗಿ, ನಮ್ಮ ಅತ್ತೆ. ಖಾನಾಪುರಕ್ಕೆ ಸೊಸೆಯಾಗಿ ಹೋಗಿ ಅವಳ ಮಾತು ಅರ್ಧ ಮರಾಠಿಯಾಗಿತ್ತು. ಗಂಡು ಅಲ್ಲಿಯ ಕಿರಾಣಿ ಅಂಗಡಿಯವರ ಮಗ. ಅತ್ತೆ ಕಾಲು ತೊಳೆದು ಒಳಗೆ ಬಂದವಳೇ ಹೇಳಿದಳು: “ಮಂದಿ ಛಲೋ ಅದಾರ ವೈನಿ. ಒಂದ ಮಾತ ಕೇಳ್ಯಾರ ನೋಡ್ರಿ, ಮುಲಗೀ ಗೋರೀ ಆಹೇ ಕಾ, ಅಂತ.”

ಮೂಲೆಯಲ್ಲಿ ವಿಭೂತಿ ಹಚ್ಚಿಕೊಂಡು ಕೂತಿದ್ದ ಆಯಿ, ಅಂದರೆ ನಮ್ಮ ಅಜ್ಜಿ, ತಲೆಯೆತ್ತಿದಳು. ಅವಳು ಸವದತ್ತಿ ಕಡೆಯವಳು. ಬೆಳಗಾವಿಯಲ್ಲಿ ಜೀವಮಾನ ಕಳೆದರೂ ಮರಾಠಿಯನ್ನು ಕಿವಿಯೊಳಗೆ ಬಿಟ್ಟುಕೊಂಡಿರಲಿಲ್ಲ. “ಗೋರಿ? ಯಾರದ ಗೋರಿ? ಮದವಿ ಮಾತಿನ್ಯಾಗ ಗೋರಿ ಯಾಕ ತಂದಿ?” ಎಂದು ಮಗಳನ್ನು ಗದರಿದಳು.

ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕೆವು. ಮರಾಠಿಯಲ್ಲಿ ಗೋರಿ ಎಂದರೆ ಬೆಳ್ಳಗಿರುವವಳು, ಹುಡುಗಿ ಬೆಳ್ಳಗಿದ್ದಾಳೇನು ಎಂದು ಕೇಳಿದ್ದಾರೆ ಎಂದು ಅತ್ತೆ ಬಿಡಿಸಿ ಹೇಳಿದಳು. ಆಯಿ ಒಪ್ಪಲಿಲ್ಲ. ಅವಳ ಪಾಲಿಗೆ ಗೋರಿ ಎಂದರೆ ಸತ್ತವರನ್ನು ಮಣ್ಣು ಮಾಡಿದ ಮೇಲೆ ಕಟ್ಟುವ ಕಟ್ಟೆ, ಅಷ್ಟೇ. ಅವತ್ತಿನಿಂದ ಅಕ್ಕ ಸಂಬಂಧದ ಮಾತು ಬಂದಾಗಲೆಲ್ಲ “ಗೋರಿ ಕೇಳಾಕ ಬಂದಾರೇನು?” ಎಂದು ನಗಿಸುತ್ತಿದ್ದಳು. ಅಕ್ಕ ನಗಿಸುವುದರಲ್ಲಿ ಬಲು ಗಟ್ಟಿ. ಗಂಡಿನ ಫೋಟೋ ಬಂದಾಗ ಅವನ ಅಗಲ ಕಿವಿಗಳನ್ನು ನೋಡಿ, “ಈ ಕಿವಿ ಬ್ಯಾಡ ಅಂತ ನಾವೂ ಊರಿಗಿ ಹೋಗಿ ತಿಳಸೂಣೇನು?” ಎಂದಿದ್ದಳು. ಆದರೆ ಆ ಫೋಟೋವನ್ನು ಅವಳು ನೂಲು ಸುತ್ತುವ ಕಂಡಿಕೆಗಳ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ರಾಟಿಯ ಮುಂದೆ ಕೂತಾಗ ಪೆಟ್ಟಿಗೆಯ ಮುಚ್ಚಳ ಸ್ವಲ್ಪ ತೆರೆದಿರುತ್ತಿತ್ತು. ಅವಳಿಗೆ ಈ ಸಂಬಂಧ ಬೇಕಾಗಿತ್ತು. ಇನ್ನೊಮ್ಮೆ ಯಾರ ಮುಂದೆಯೂ ನಡೆದು ತೋರಿಸಲು ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

ಗೋರಿ ಹೌದೆಂದು ಅತ್ತೆ ಅವರಿಗೆ ಹೇಳಿಬಿಟ್ಟಿದ್ದಳು. ಫೋಟೋ ಸ್ಟುಡಿಯೋದವನು ಕಾಗದದ ಮೇಲೆ ಅಕ್ಕನನ್ನು ಬೆಳ್ಳಗೆ ಮಾಡಿಕೊಟ್ಟಿದ್ದ. ಉಳಿದದ್ದು ಮುಖ. ಓಣಿಗೆ ಬಳೆ, ಪಿನ್ನು ಮಾರಲು ಬರುತ್ತಿದ್ದ ಹೆಂಗಸಿನ ಹತ್ತಿರ ಅವ್ವ ಹೆಸರಿಲ್ಲದ ಒಂದು ಕ್ರೀಮಿನ ಡಬ್ಬಿ ತೆಗೆದುಕೊಂಡಳು. ಬೆಳಿಗ್ಗೆ ಸಂಜೆ ತಾನೇ ಎದುರು ಕೂತು ಹಚ್ಚುತ್ತಿದ್ದಳು.

“ಉರೀತೈತಿ ಬೇ,” ಎಂದಳು ಅಕ್ಕ.

“ಉರದ್ರ ಹತ್ತಾಕತ್ತೈತಿ ಅಂತ. ತಡಕೋ.”

ಹತ್ತುವುದು ಎಂದರೆ ನಮ್ಮಲ್ಲಿ ನೂಲಿಗೆ ಬಣ್ಣ ಹಿಡಿಯುವುದು. ಅಕ್ಕ ತಡೆದುಕೊಂಡಳು. ನಿಜಕ್ಕೂ ಮುಖ ತಿಳಿಯಾಗುತ್ತ ಬಂತು. ಓಣಿಯ ಹೆಂಗಸರು ಬಂದು ನೋಡಿ, ಡಬ್ಬಿ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಹೋದರು. ಅವ್ವನ ಮುಖದಲ್ಲಿ ಬಹಳ ದಿನಗಳ ಮೇಲೆ ಕಳೆ ಬಂತು. ಖಾನಾಪುರಕ್ಕೆ ಹೋಗುವ ವಾರ ಅಕ್ಕನ ಕೆನ್ನೆ ಕೆಂಪಾಗಿ ಸಿಪ್ಪೆ ಏಳತೊಡಗಿತು. ಅವ್ವ ಅದರ ಮೇಲೆ ಪೌಡರ್ ಬಳಿದಳು.

ತೋರಿಸುವುದು ಖಾನಾಪುರದಲ್ಲಿ, ಅತ್ತೆಯ ಮನೆಯಲ್ಲೇ ಎಂದು ಗೊತ್ತು ಮಾಡಿದ್ದರು. ಹಂಚಿನ ತಗ್ಗು ಮನೆ. ಅಕ್ಕಿಯಲ್ಲಿ ಕಲ್ಲು ಆರಿಸಬೇಕಾದರೆ ಹಗಲಿನಲ್ಲೂ ಬಾಗಿಲಿಗೆ ಬರಬೇಕು. ಆ ಕತ್ತಲೆ ನೋಡಿಯೇ ಅತ್ತೆ ಅಲ್ಲಿ ಇಟ್ಟುಕೊಂಡಿದ್ದಳೆಂದು ನನಗೆ ಹೋದ ಮೇಲೆ ತಿಳಿಯಿತು. ಆ ವಾರ ಖಾಲಾ ಊರಲ್ಲಿರಲಿಲ್ಲ; ನನ್ನನ್ನು ಒಬ್ಬಳನ್ನೇ ಬೆಳಗಾವಿಯಲ್ಲಿ ಬಿಡಲು ಮನಸ್ಸಿಲ್ಲದೆ ರೈಲಿನಲ್ಲಿ ಕರೆದುಕೊಂಡು ಹೋಗಿದ್ದರು, ಹೋದ ಕೂಡಲೇ ಅಡುಗೆಮನೆಗೆ ದಬ್ಬಿದರು. ಅಡುಗೆಮನೆಯ ಕಿಟಕಿ ಅಂಗಳಕ್ಕಿತ್ತು.

ಗಂಡಿನ ತಾಯಿ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಕೂತು, ಚಹಾದ ಬಟ್ಟಲು ಕೆಳಗಿಟ್ಟು, “ಇಲ್ಲಿ ಏನೂ ಕಾಣವಲ್ದು. ಬಾರವ್ವಾ, ಜರಾ ಅಂಗಳಕ ಹೋಗೂಣು,” ಎಂದಳು. ಅವತ್ತೇ ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಹಾಳಾದ ಬಿಸಿಲು, ಒಂದು ತಾಸು ತಡೆಯಬಾರದಿತ್ತೇ. ಅಕ್ಕ ಬಿಸಿಲಿಗೆ ಬಂದು ತಲೆ ತಗ್ಗಿಸಿ ನಿಂತಳು. ಆ ಹೆಂಗಸು ಅವಳ ಗದ್ದ ಹಿಡಿದು ಮುಖ ಎತ್ತಿದಳು. ಆಮೇಲೆ ಸೆರಗಿನ ತುದಿಯನ್ನು ನೀರಿನ ತಂಬಿಗೆಯಲ್ಲಿ ಅದ್ದಿ ಅಕ್ಕನ ಕೆನ್ನೆ ಒರೆಸಿದಳು, ಒಮ್ಮೆ, ಮತ್ತೊಮ್ಮೆ, ಗಟ್ಟಿಯಾಗಿ. ಪೌಡರ್ ಹೋಗಿ ಒಳಗಿನ ಹಸಿ ಕೆಂಪು ಕಂಡಿತು. ಸೆರಗಿಗೂ ಸ್ವಲ್ಪ ಹತ್ತಿತು.

ಅವಳು ಸೆರಗನ್ನು ಅಪ್ಪನ ಕಡೆ ಹಿಡಿದು ನಕ್ಕಳು. “ನೇಕಾರ ಮಂದಿ ಅದೀರಿ, ನಿಮಗ ಗೊತ್ತಿರಬೇಕಲ್ರಿ. ಮಾಲ ಬಣ್ಣ ಬಿಡತೈತಿ.”

ಇಲ್ಲಿ ಅಪ್ಪನ ಒಂದು ಅಭ್ಯಾಸ ಹೇಳಬೇಕು. ರವಿವಾರ ಪೇಟೆಯ ವ್ಯಾಪಾರಿಗಳ ಮುಂದೆ ಸೀರೆ ಬಿಚ್ಚಿದಾಗ ಅವನು ಸೆರಗನ್ನು ನೀರಿನಲ್ಲಿ ಅದ್ದಿ, ತನ್ನ ಬಿಳಿ ಧೋತರಕ್ಕೆ ತಿಕ್ಕಿ, ಧೋತರ ಎತ್ತಿ ತೋರಿಸುತ್ತಿದ್ದ. ಒಂದು ಕಲೆಯೂ ಇರುತ್ತಿರಲಿಲ್ಲ. ಅದು ಅವನ ಜಂಬ. ಖಾನಾಪುರದಿಂದ ಬಂದ ಮೇಲೆ ಅವನು ಯಾರ ಮುಂದೆಯೂ ಸೀರೆ ನೀರಿಗೆ ಅದ್ದಲಿಲ್ಲ. ವ್ಯಾಪಾರಿಗಳೇ ಕೇಳಿದರೆ, “ನೀವ ನೋಡ್ಕೋರಿ,” ಎಂದು ಮುಖ ತಿರುಗಿಸುತ್ತಿದ್ದ.

ಗಂಡಿನ ಕಡೆಯವರು ಈ ಸಲ ಊರಿಗೆ ಹೋಗಿ ತಿಳಿಸುವ ತೊಂದರೆ ತೆಗೆದುಕೊಳ್ಳಲಿಲ್ಲ. ಅತ್ತೆಯ ಮೂಲಕವೇ ಹೇಳಿ ಕಳಿಸಿದರು: ದೊಡ್ಡವಳು ಬೇಡ, ಕಿಟಕಿಯಲ್ಲಿ ಕಂಡ ಸಣ್ಣವಳಾದರೆ ಮಾತಾಡೋಣ. ಅಪ್ಪ ತಂಗಿಯ ಮೇಲೆ ದನಿ ಎತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅತ್ತೆ ಅಳುತ್ತ ಬಸ್ಸು ಹತ್ತಿದಳು. ಅಕ್ಕ ಕಂಡಿಕೆಯ ಪೆಟ್ಟಿಗೆಯಿಂದ ಫೋಟೋ ತೆಗೆದು ಅವಳ ಕೈಯಲ್ಲಿ ಕೊಟ್ಟು ಕಳಿಸಿದಳು.

ಅಕ್ಕನ ಮುಖ ಮಾಯಲು ಬಹಳ ಕಾಲ ಹಿಡಿಯಿತು. ಹಸಿ ಹೋಗಿ ಒಣಗಿದ ಮೇಲೆ ಬಾಯಿಯ ಸುತ್ತ, ಎಡಗೆನ್ನೆಯ ಮೇಲೆ ಬಿಳಿ ಬಿಳಿ ಮಚ್ಚೆಗಳು ಉಳಿದವು. ಎಲ್ಲರೂ ಸೇರಿ ಬೇಡಿಕೊಂಡ ಬಿಳಿ ಅದು. ಔಷಧಿ ಕೊಟ್ಟ ಡಾಕ್ಟರರು, ಬಣ್ಣ ಮರಳಿ ಬರುತ್ತದೋ ಇಲ್ಲವೋ ಹೇಳಲಾಗದು ಎಂದರು. ಬರಲಿಲ್ಲ. ಕುಷ್ಠವಿರಬಹುದೆಂದು ಓಣಿಯಲ್ಲಿ ಗುಸುಗುಸು ಶುರುವಾಯಿತು. ಡಬ್ಬಿಯ ವಿಳಾಸ ಕೇಳಿದ ಬಾಯಿಗಳೇ ಅವು. ಅಕ್ಕ ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದಳು, ನಗಿಸುವುದನ್ನು ಬಿಟ್ಟಳು. ಅವ್ವನಂತೂ ಅವಳ ಮುಖ ನೋಡಿ ಊಟಕ್ಕೆ ಕರೆಯುವುದನ್ನೂ ಬಿಟ್ಟಳು, ಗೋಡೆ ನೋಡಿ ಕರೆಯುತ್ತಿದ್ದಳು. ನನಗೆ ಅವ್ವನ ಮೇಲೆ ಸಿಟ್ಟಿತ್ತು. ಈಗಲೂ ಪೂರಾ ಹೋಗಿಲ್ಲ.

ಕೆಲ ಕಾಲದ ಮೇಲೆ ಪಕ್ಕದ ಶಹಾಪುರದಿಂದ ನನಗೆ ಸಂಬಂಧ ಬಂತು. ಅಪ್ಪ ಮಗ್ಗ ನಿಲ್ಲಿಸಿದ. ನನ್ನ ಜಡೆ ಹೆಣೆದವಳು ಅಕ್ಕನೇ. ಹೂ ಮುಡಿಸಿ, ನೆರಿಗೆ ಸರಿ ಮಾಡಿ, ಅವ್ವ ಏನಾದರೂ ಹೇಳುವ ಮೊದಲೇ, “ನಾ ಖಾಲಾನ ಮನೀಗಿ ಹೋಗಿರ್ತೀನಿ,” ಎಂದು ಚಪ್ಪಲಿ ಮೆಟ್ಟಿದಳು. ಅವ್ವ ಬೇಡ ಎನ್ನುತ್ತಾಳೇನೋ ಎಂದು ನಾನು ಕಾದೆ. ಅವ್ವ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು.

ನಾನು ಚಹಾದ ತಟ್ಟೆ ಹಿಡಿದು ಹೊರಗೆ ಬರುವಾಗ ಗೋಡೆಯಾಚೆಯಿಂದ ಆ ಹಾಡು ಕೇಳಿಸಿತು. ಮುಗಿಯಿತು. ಸ್ವಲ್ಪ ತಡೆದು ಮತ್ತೆ ಮೊದಲಿನಿಂದ ಶುರುವಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಗಂಡಿನ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದವಳ ಕಡೆ ಬಾಗಿ, “ಗೋರೀ ಆಹೇ,” ಎಂದು ತಲೆದೂಗಿದಳು.

“ಯಾರದ ಗೋರಿ?” ಎಂದು ಆಯಿ ಮೂಲೆಯಿಂದ ಕೇಳಿದಳು. ಈ ಸಲ ನಮ್ಮ ಮನೆಯವರು ಯಾರೂ ನಗಲಿಲ್ಲ.

ಬಂದವರು ಅಲ್ಲೇ ಒಪ್ಪಿಕೊಂಡು ಎದ್ದರು. ಅಕ್ಕನನ್ನು ಕರೆಯಲು ನಾನೇ ಹೋದೆ. ಖಾಲಾ ಹಿತ್ತಲಲ್ಲಿದ್ದಳು. ಅಕ್ಕ ಟೀವಿಯ ತೀರಾ ಹತ್ತಿರ ಚಾಪೆಯ ಮೇಲೆ ಕೂತಿದ್ದಳು.

“ಪಸಂದ ಆತೇನು?”

“ಹೂಂ.”

“ಛಲೋ ಆತು ಬಿಡು. ಬಾ, ಇಲ್ಲಿ ಕುಂದರ. ಒಂದ ತೋರಸ್ತೀನಿ.”

ಮನೆಯಲ್ಲಿ ಬಟ್ಟಲು ತೊಳೆಯುವುದಿದೆ ಎಂದೆ. ಅಕ್ಕ ಕೇಳಿಸಿಕೊಳ್ಳಲಿಲ್ಲ. ಟೇಪನ್ನು ಹಿಂದಕ್ಕೆ ಓಡಿಸಿ, ಚಪ್ಪಾಳೆ ಶುರುವಾಗುವ ಜಾಗದಲ್ಲಿ ನಿಲ್ಲಿಸಿದಳು. ಪರದೆಯ ಮೇಲೆ ಹುಡುಗಿಯ ಮುಖ ನಡುಗುತ್ತ ನಿಂತಿತು. ನಾನು ಎಷ್ಟೋ ಸಲ ನೋಡಿಯೂ ನೋಡದಿದ್ದದ್ದು ಆಗ ಕಂಡಿತು. ಕಣ್ಣಿನಿಂದ ಗಲ್ಲದವರೆಗೆ ನೀರು ಹರಿದು ಪೌಡರ್ ಸೀಳಿತ್ತು. ಆ ಸಣ್ಣ ಸೀಳಿನಲ್ಲಿ ಒಳಗಿನ ಚರ್ಮ ಕಾಣುತ್ತಿತ್ತು.

ಅಕ್ಕ ಬಾಯಿಯ ಮೇಲಿನ ಕೈ ತೆಗೆದು ಆ ಗೆರೆಯ ಮೇಲೆ ಬೆರಳಿಟ್ಟಳು.

“ನೋಡ,” ಎಂದಳು. “ಆಕೀನೂ ನನ್ನ ಬಣ್ಣದಾಕೀನ.”