ಓನರಮ್ಮನ ಹಲ್ಲಿ

ಮೊನ್ನೆ ಬೀರು ಖಾಲಿ ಮಾಡುವಾಗ ಹಳೆಯ ಸೀರೆಗಳ ಅಡಿಯಲ್ಲಿ ಕೆಟ್ಟುಹೋದ ಒಂದು ಹಾರ್ಡ್ ಡಿಸ್ಕ್ ಸಿಕ್ಕಿತು. ಅದರ ನೆತ್ತಿಯ ಮೇಲೆ ಮಾಸಿದ ಅರಿಶಿನ, ಕುಂಕುಮ. ಕಬ್ಬಿಣದ ತುಂಡಿಗೆ ಹೀಗೆ ಮುತ್ತೈದೆಯ ಅಲಂಕಾರ ಮಾಡುವವರು ನನಗೆ ಗೊತ್ತಿದ್ದಂತೆ ಒಬ್ಬರೇ... ಅತ್ತಿಬೆಲೆಯ ನಮ್ಮ ಓನರಮ್ಮ.

ಆಗ ನಾನು ಅವರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆ. ಮನೆಯಲ್ಲೇ ಕೂತು ಪ್ರಿಂಟಿಂಗ್ ಪ್ರೆಸ್ಸಿಗೆ ಲಗ್ನಪತ್ರಿಕೆ ಟೈಪ್ ಮಾಡಿಕೊಡುವುದು ನನ್ನ ಕೆಲಸ. ಓನರಮ್ಮ ರಾಗಿ ಹೊಲವಿದ್ದ ಜಾಗದಲ್ಲೇ ಮನೆಗಳನ್ನು ಕಟ್ಟಿಸಿದ್ದರು. ಮಧ್ಯಾಹ್ನ ಕೈಗೆ ಕೆಲಸವಿಲ್ಲದೆ ಕಾಫಿ ಹಿಡಿದು ಮೇಲೆ ಬರುತ್ತಿದ್ದರು. ಬಂದರೆ ಮಗಳದೇ ಮಾತು. ಮೆಚ್ಚಿದವನನ್ನು ಕಟ್ಟಿಕೊಂಡು ಮಾಕಳಿ ಎಂಬ ಊರಿಗೆ ಹೋದವಳಿಗೆ "ಈ ಹೊಸ್ತಿಲು ತುಳೀಬೇಡ" ಅಂದಿದ್ದವರು ಇವರೇ. ಹುಟ್ಟಿದಾಗಿನಿಂದ ಅಮ್ಮನ ಮಾತು ಕೇಳದ ಹುಡುಗಿ ಅದೊಂದು ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ್ದಳು.

ಒಂದು ದಿನ, "ಈ ದೀಪಾವಳಿಗಾದ್ರೂ ಬತ್ತಾಳೆ ಕಣಮ್ಮ" ಅಂದರು. ಮೇಜಿನ ಕೆಳಗಿನಿಂದ ಲೊಚ್ ಲೊಚ್ ಎಂದು ಸದ್ದು. ಓನರಮ್ಮನ ಮುಖ ಅರಳಿತು. ಬೆರಳ ಗೆಣ್ಣಿನಿಂದ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅಂದರು. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುತ್ತದಲ್ಲ! ಆಮೇಲೆ ದಿನವೂ ಅದೇ ಮಾತು, ದಿನವೂ ಅದೇ ಉತ್ತರ. ನಾನೂ ಹಲ್ಲಿಯೆಂದೇ ನಂಬಿ ಪೊರಕೆ ಹಿಡಿದು ಹುಡುಕಿ, ಅವರಿಂದ ಚೆನ್ನಾಗಿ ಬೈಸಿಕೊಂಡೆ.

ಆಯುಧ ಪೂಜೆ ಹತ್ತಿರವಿರುವಾಗ ಕಂಪ್ಯೂಟರ್ ಕೈಕೊಟ್ಟಿತು. ಪರದೆ ನೀಲಿಯಾಯಿತು, ಆಮೇಲೆ ಕಪ್ಪು. ಡಿಸ್ಕೇ ಕಾಣುತ್ತಿಲ್ಲ ಎಂಬ ಒಂದು ಸಾಲು. ಡಬ್ಬ ಬಿಚ್ಚಿ ಕಿವಿಯಿಟ್ಟರೆ ಲೊಚ್ ಲೊಚ್... ಅಯ್ಯೋ ದೇವರೇ, ಇಷ್ಟು ದಿನ ಹೂಂ ಅಂದದ್ದು ಹಲ್ಲಿಯಲ್ಲ, ಸಾಯುತ್ತಿದ್ದ ಹಾರ್ಡ್ ಡಿಸ್ಕ್!

ಹೊಸ ಡಿಸ್ಕ್ ತಂದೆ, ಸದ್ದೇ ಮಾಡದ ಜಾತಿಯದು. ಪೆನ್‌ಡ್ರೈವಿನಿಂದ ಆಪರೇಟಿಂಗ್ ಸಿಸ್ಟಮ್ ಹಾಕಲು ಕೂತರೆ, ಎಲ್ಲ ಕಾಪಿಯಾಗಿ ರೀಸ್ಟಾರ್ಟ್ ಆಗುವುದು, ಮತ್ತೆ "ಯಾವ ಭಾಷೆ?" ಎಂಬ ಮೊದಲ ಪ್ರಶ್ನೆಗೇ ಬಂದು ನಿಲ್ಲುವುದು. ಪಕ್ಕದಲ್ಲಿದ್ದ ಓನರಮ್ಮ, "ಹೆಣ್ ನೋಡಕ್ ಬಂದೋರಂಗೆ ಕೇಳಿದ್ದೇ ಕೇಳ್ತೈತಲ್ಲೇ ಇದು!" ಎಂದು ನಕ್ಕರು. ಪ್ರತಿ ಸಲವೂ ಅದು ಡಿಸ್ಕ್ ಬಿಟ್ಟು ಪೆನ್‌ಡ್ರೈವನ್ನೇ ಓದುತ್ತಿದೆ ಎಂದು ಕೊನೆಗೂ ನನ್ನ ಮಂಡೆಗೆ ಹೊಳೆಯಿತು. ಪೆನ್‌ಡ್ರೈವ್ ಕಿತ್ತೆ, ದಾರಿಗೆ ಬಂತು.

ಆಗ ಅವರು ಮೆಲ್ಲಗೆ, "ದೀಪಾವಳಿಗೆ ಬತ್ತಾಳೆ, ಅಲ್ವಾ?" ಎಂದು ಮೇಜಿನ ಕಡೆ ಕಿವಿಗೊಟ್ಟರು. ಸದ್ದಿಲ್ಲ. ಇನ್ನೊಮ್ಮೆ ಅಂದರು. ಆ ಮುಖ ನೋಡಲಾಗಲಿಲ್ಲ. ವೈರು ಸರಿಮಾಡುವವಳಂತೆ ಮೇಜಿನ ಕೆಳಗೆ ಬಗ್ಗಿ ನಾಲಿಗೆಯಲ್ಲಿ ಲೊಚಗುಟ್ಟಿದೆ. "ಕೃಷ್ಣ ಕೃಷ್ಣ" ಎಂದು ಮೇಲಿನಿಂದ ಕೇಳಿಸಿತು. ಅಂದಿನಿಂದ ಹಲ್ಲಿಯ ಕೆಲಸವೂ ನನ್ನದೇ ಆಯಿತು.

ಆಯುಧ ಪೂಜೆಯ ದಿನ ಮೂಲೆಯಲ್ಲಿದ್ದ ಹಳೆಯ ಡಿಸ್ಕಿಗೂ "ಪಾಪ, ದುಡಿದೈತೆ" ಎಂದು ಅರಿಶಿನ, ಕುಂಕುಮವಿಟ್ಟರು. ಕೆಳಗೆ ಹೋಗಿ ಎರಡು ಲೋಟ ಕಾಫಿ ತಂದು, ಎರಡನ್ನೂ ನನ್ನ ಮುಂದಿಟ್ಟರು.

"ಒಂದು ನಿಂಗೆ. ಇನ್ನೊಂದು ಹಲ್ಲಿಗೆ. ದಿನಾ ನಂಗೋಸ್ಕರ ನಾಲ್ಗೆ ಒಣಗಿಸ್ಕೋತೈತೆ."

ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. "ಗೊತ್ತಿದ್ದೂ ಕೃಷ್ಣ ಕೃಷ್ಣ ಅಂತಿದ್ರಾ ಅಮ್ಮಾ?"

"ಹೂಂ ಅನ್ನೋಕೆ ಒಂದು ಜೀವ ಬೇಕಲ್ಲವ್ವಾ..."

ಸೆರಗಿಗೆ ಕೈ ಒರೆಸಿಕೊಂಡು ಅವರೇ, "ಬರಬ್ಯಾಡ ಅಂದೋಳು ನಾನು. ಬಾ ಅನ್ನೋದು ಹಲ್ಲಿ ಕೆಲ್ಸಾನಾ?" ಅಂದರು. ನನ್ನ ಫೋನು ಕೇಳಿ ಇಸಿದುಕೊಂಡು ಮಗಳಿಗೆ ಮಾಡಿದರು. ಆ ಕಡೆಯಿಂದ "ಅಮ್ಮಾ" ಎಂದದ್ದು ನನಗೂ ಕೇಳಿಸಿತು. ದೀಪಾವಳಿಗೆ ಮಗಳು ಬಂದಳು. ಬಂದವಳಿಗೆ ಓನರಮ್ಮ ಹೊಸ್ತಿಲಲ್ಲೇ ಆರತಿ ಎತ್ತಿದರು.

ನಾನು ಆ ಮನೆ ಬಿಟ್ಟು ಬಹಳ ವರ್ಷವಾಯಿತು. ಓನರಮ್ಮ ಹೋದ ಸುದ್ದಿಯನ್ನು ಮಗಳೇ ಫೋನು ಮಾಡಿ ಹೇಳಿದ್ದಳು. ಕೊನೆಗಾಲದಲ್ಲಿ ಪಕ್ಕದಲ್ಲಿದ್ದವಳು ಅವಳೇ. ಆದರೂ ಮಧ್ಯಾಹ್ನದ ಕಾಫಿಯ ಹೊತ್ತಿಗೆ ನನಗೆ ಅವರಿಲ್ಲದ್ದು ಈಗಲೂ ನೋಯುತ್ತದೆ.

ಮೊನ್ನೆ ಆ ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡು, "ನೆಮ್ಮದಿಯಾಗಿದ್ದೀರಿ, ಅಲ್ವಾ ಅಮ್ಮಾ?" ಅಂದೆ. ಕಿವಿಗೊಟ್ಟು ಕಾದೆ... ಆಮೇಲೆ ನಾನೇ ಲೊಚಗುಟ್ಟಿ, ನಾನೇ ನೆಲ ಕುಟ್ಟಿದೆ.