ಉಪದೇಶಿಗಳು ಕೊಟ್ಟ ನೀರು

ಹೋದ ವಾರ ಕೃಷ್ಣರಾಜಪೇಟೆಯ ಸಂತೆಯಲ್ಲಿ ಸೊಪ್ಪು ಮಾರುವಾಕೆ ಸಬ್ಬಸಿಗೆಯ ಕಟ್ಟೊಂದನ್ನು ಕೊಡವಿ ನನ್ನ ಚೀಲಕ್ಕೆ ಹಾಕಿದಳು. ಆ ವಾಸನೆಗೆ ಒಂದು ಹಳೆಯ ಗ್ರೈಪ್ ವಾಟರ್ ಸೀಸೆ ಕಣ್ಣ ಮುಂದೆ ಬಂತು. ಅದರೊಳಗೆ ಇದ್ದದ್ದು ಬರೀ ನೀರು. ಸೀಸೆಯನ್ನು ಮೂರು ಸಲ ತೊಳೆದಿದ್ದೇನೆ ಎಂದು ನಮ್ಮ ಚರ್ಚಿನ ಉಪದೇಶಿಗಳು ಹೇಳಿದ್ದರು. ಆದರೂ ಮುಚ್ಚಳ ತಿರುಗಿಸಿದಾಗ ಸಬ್ಬಸಿಗೆಯ ವಾಸನೆ ಬಂದಿತ್ತು ಎಂದು ನನ್ನ ನೆನಪು. ನಿಜಕ್ಕೂ ಬಂದಿತ್ತೋ, ನಾನೇ ಆಮೇಲೆ ಸೇರಿಸಿಕೊಂಡೆನೋ...

ನಮ್ಮ ಕಡೆ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ನಮ್ಮದೂ ಅದರಲ್ಲಿ ಒಂದು. ಫಾದರು ತಿಂಗಳಿಗೆ ಎರಡು ಸಲ ಬಂದು ಬಲಿಪೂಜೆ ಮಾಡುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಜಪ ಕಲಿಸುವುದು, ಮೇಣದ ಬತ್ತಿ ಹಚ್ಚುವುದು, ಗಂಟೆ ಹೊಡೆಯುವುದು ಎಲ್ಲವೂ ಉಪದೇಶಿಗಳ ಕೆಲಸ. ನನಗೆ ಶಿಲುಬೆಯ ಗುರುತು ಹಾಕಲು ಕಲಿಸಿದವರೂ ಅವರೇ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದ ಮೇಲೆ ನಾನು ಆ ಗುರುತು ಹಾಕುವುದನ್ನು ಬಿಟ್ಟೆ. ವಿಧಿಗಳೆಲ್ಲ ಹೊಟ್ಟು, ಕಾಳು ಬೇರೆಲ್ಲೋ ಇದೆ, ಅಥವಾ ಎಲ್ಲೂ ಇಲ್ಲ ಎಂದು ಅವರ ಮುಂದೆ ಭಾಷಣ ಮಾಡುತ್ತಿದ್ದೆ. ಪ್ರತಿ ವಾರ ಅದದೇ ಮಾತು ಹೇಳಿ ಬೇಸರ ಬರುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ಅವರು ಮಂಡಿ ಹಿಡಿದುಕೊಂಡು ಮೇಲೆದ್ದರು.

"ಮನಸು ದಿನಕ್ಕೊಂದ್ ತರ ಇರ್ತದೆ ಕಣ್ಲಾ. ಮಾತು ಅಂಗೇ ಇರ್ತದೆ. ಮನಸು ಬತ್ತೋದ್ ದಿನ ಅದ್ನೇ ಇಡ್ಕೊಂಡು ನಡೆಯೋದು."

ನನಗೆ ಅದು ಉತ್ತರ ಅನ್ನಿಸಲಿಲ್ಲ.

ಅದೇ ವರ್ಷ ಅವರ ಮಗಳಿಗೆ ಎಂಟು ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಅಳಿಯ ಲಾರಿ ತೆಗೆದುಕೊಂಡು ಹೊರರಾಜ್ಯಕ್ಕೆ ಹೋಗಿದ್ದ. ಕೂಸು ತೀರ ಸಣ್ಣದು, ಉಸಿರಾಟ ಸರಿಯಿಲ್ಲ, ಮೈಸೂರಿಗೆ ಸಾಗಿಸಬೇಕು ಎಂದರು ಡಾಕ್ಟರು. ಆಂಬುಲೆನ್ಸಿನಲ್ಲಿ ನರ್ಸಮ್ಮನ ಜೊತೆ ಒಬ್ಬರಿಗೆ ಮಾತ್ರ ಜಾಗ. ಅಲ್ಲಿ ಓದಿ ರುಜು ಹಾಕುವ ಕೆಲಸ ಇರುತ್ತದೆ, ತಮಗೆ ಸಣ್ಣ ಅಕ್ಷರ ಕಾಣುವುದಿಲ್ಲ, ನೀನೇ ಹೋಗು ಎಂದು ಉಪದೇಶಿಗಳು ನನ್ನನ್ನು ಕಳಿಸಿದರು. ಬಾಗಿಲು ಮುಚ್ಚುವ ಮೊದಲು ಆ ಸೀಸೆಯನ್ನು ನನ್ನ ಕೈಗೆ ತುರುಕಿದರು. ದಾರಿಯಲ್ಲಿ ಕೂಸು ಉಳಿಯುವುದಿಲ್ಲ ಅನ್ನಿಸಿದರೆ ನಾನೇ ಅದರ ತಲೆಗೆ ನೀರು ಸುರಿದು, ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿ ಜ್ಞಾನಸ್ನಾನ ಕೊಡಬೇಕು. ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ಕೊಡಬಹುದೆಂದು ಹುಡುಗರಾಗಿದ್ದಾಗ ಅವರೇ ನಮಗೆ ಬಾಯಿಪಾಠ ಮಾಡಿಸಿದ್ದರು. ನನಗೆ ನಂಬಿಕೆಯಿಲ್ಲವಲ್ಲ ತಾತ ಎಂದೆ.

"ನಿನ್ ನಂಬ್ಕೆ ಯಾರ್ಲಾ ಕೇಳಿದ್ದು? ಧರ್ಮಸಭೆ ಏನ್ ಮಾಡ್ತದೋ ಅದ್ನೇ ಮಾಡ್ತೀನಿ ಅನ್ಕೊ, ಸಾಕು. ನೀರು ತಲೆ ಮ್ಯಾಲೆ ಅರೀಬೇಕು, ಮಾತು ಪೂರ್ತಿ ಆಗ್ಬೇಕು. ಮಿಕ್ಕಿದ್ದು ನಿನ್ ಕೆಲ್ಸ ಅಲ್ಲ."

ಪಾಂಡವಪುರ ದಾಟುವವರೆಗೂ ಕೂಸು ಹೇಗೋ ಉಸಿರಾಡುತ್ತಿತ್ತು. ಬಾಬುರಾಯನಕೊಪ್ಪಲಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಮಧ್ಯಾಹ್ನದ ಬಿಸಿಲು. ಚಾಲಕ ಹಾರನ್ನು ಒತ್ತುತ್ತಲೇ ಇದ್ದ. ನೋಡುತ್ತಿದ್ದಂತೆ ಕೂಸಿನ ತುಟಿ ನೀಲಿಗಟ್ಟಿತು. ನರ್ಸಮ್ಮ ಅದರ ಮೂಗಿನ ನಳಿಕೆ ಸರಿಪಡಿಸಲು ಬಗ್ಗಿದಳು. ನಾನು ಮುಚ್ಚಳ ತೆಗೆದು, ಮೂಸಂಬಿಗಿಂತ ಸ್ವಲ್ಪ ದೊಡ್ಡದಿದ್ದ ಆ ತಲೆಯ ಮೇಲೆ ನೀರು ಸುರಿದೆ. 'ಪಿತನ' ಎಂದೆ. ಅದು ಖಚಿತ. 'ಸುತನ' ಎಂದೆ. ಅಷ್ಟರಲ್ಲಿ ನರ್ಸಮ್ಮ ನನ್ನ ಕೈ ತಳ್ಳಿದಳು.

"ಏನ್ ಮಾಡ್ತಿದ್ದೀರಾ ಸಾರ್? ಕೂಸಿಗೆ ತಂಡಿ ಆಯ್ತದೆ!"

ಅವಳು ಬಟ್ಟೆಯಿಂದ ತಲೆ ಒರೆಸಿದಳು. ಟ್ರ್ಯಾಕ್ಟರು ಸರಿಯಿತು. 'ಪವಿತ್ರಾತ್ಮನ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ' ಎಂದು ಮುಗಿಸಿದೆನೇ? ಮುಗಿಸಿದ್ದರೂ ಆಗ ನೀರು ಹರಿಯುತ್ತಿತ್ತೇ?... ಕಾವೇರಿ ಸೇತುವೆ ದಾಟಿದ್ದು ನೆನಪಿದೆ. ಇದು ನೆನಪಿಲ್ಲ.

ಕೂಸು ಬದುಕಿತು. ಎರಡು ತಿಂಗಳಾದ ಮೇಲೆ ಅದನ್ನು ಚರ್ಚಿಗೆ ತಂದಾಗ ಫಾದರು ನನ್ನನ್ನು ಪಕ್ಕಕ್ಕೆ ಕರೆದು, ನೀರು ಸುರಿದೆಯಾ, ಮಾತು ಪೂರ್ತಿ ಹೇಳಿದೆಯಾ ಎಂದು ಕೇಳಿದರು. ಉಪದೇಶಿಗಳು ನನ್ನನ್ನೇ ನೋಡುತ್ತ ನಿಂತಿದ್ದರು. ಹೂಂ ಎಂದುಬಿಟ್ಟೆ. ಜ್ಞಾನಸ್ನಾನ ಒಬ್ಬರಿಗೆ ಒಂದೇ ಸಲ. ಹಾಗಾಗಿ ಫಾದರು ನೀರು ಮುಟ್ಟಲಿಲ್ಲ. ಹಣೆಗೆ ತೈಲ ಹಚ್ಚಿ, ಬಿಳಿ ಬಟ್ಟೆ ಹೊದಿಸಿ, ಮೇಣದ ಬತ್ತಿ ಕೊಟ್ಟು ಮುಗಿಸಿದರು. ಉಪದೇಶಿಗಳು ಅವತ್ತು ಊರಿಗೆಲ್ಲ ನನ್ನನ್ನು ತೋರಿಸಿ, ಇವನೇ ಕೊಟ್ಟಿದ್ದು ಎಂದು ಹೇಳಿಕೊಂಡು ತಿರುಗಿದರು.

ನಂಬದವನಿಗೆ ಅರ್ಧ ಬಿಟ್ಟ ಮಾತಿನಿಂದ ಏನಾಗಬೇಕು? ನನಗೆ ನಾನೇ ಎಷ್ಟೋ ಸಲ ಇದನ್ನು ಹೇಳಿಕೊಂಡೆ. ಆದರೆ ಆ ಹುಡುಗಿ ಚರ್ಚಿನ ಬಾಗಿಲಲ್ಲಿ ತೀರ್ಥದ ಬಟ್ಟಲಿಗೆ ಕೈ ಅದ್ದಿ ಹಣೆಗೆ ಮುಟ್ಟಿಸಿಕೊಂಡಾಗಲೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ನನಗೆ ಜ್ಞಾನಸ್ನಾನ ಏನೂ ಅಲ್ಲದಿರಬಹುದು. ಅವರಿಗೆ ಅದೇ ಬಾಗಿಲು. ಬಾಗಿಲು ತೆರೆದಿದೆ ಎಂದು ಹೇಳಿದವನು ನಾನು. ನಾನು ಅದನ್ನು ತೆರೆದಿದ್ದೆನೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಅವಳಿಗೆ ಏಳು ತುಂಬಿ, ಮೊದಲ ಪರಮಪ್ರಸಾದಕ್ಕೆ ಬಿಳಿ ಲಂಗ ಹೊಲಿಸುತ್ತಿದ್ದಾರೆ ಎಂದು ನಮ್ಮಮ್ಮ ಹೇಳಿದ ದಿನ ತಡೆಯಲಾಗಲಿಲ್ಲ. ಜ್ಞಾನಸ್ನಾನ ಆಗದವರಿಗೆ ಪ್ರಸಾದ ಕೊಡುವಂತಿಲ್ಲ. ಚರ್ಚಿಗೆ ಹೋದೆ. ಉಪದೇಶಿಗಳು ನೆಲದ ಮೇಲೆ ಕುಳಿತು ಬತ್ತಿಕಂಬಕ್ಕೆ ಅಂಟಿದ ಮೇಣವನ್ನು ಕೆರೆಯುತ್ತಿದ್ದರು. ಎಲ್ಲವನ್ನೂ ಹೇಳಿದೆ, ಫಾದರ ಮುಂದೆ ಹೂಂ ಎಂದದ್ದು ಸುಳ್ಳು ಎಂಬುದನ್ನೂ. ಅವರು ಬತ್ತಿಕಂಬವನ್ನು ಪಕ್ಕಕ್ಕಿಟ್ಟರು. ಬೈಯುತ್ತಾರೆ ಎಂದು ಕಾದೆ.

"ಏಳು ವರ್ಸ ಒತ್ಕೊಂಡ್ ತಿರುಗಿದ್ಯಲ್ಲಲಾ, ಓದಿರೋ ದಡ್ಡ. ಏಳು ನಿಮ್ಸದ್ ಕೆಲ್ಸ ಇದು."

ಹೀಗೆ ಅನುಮಾನ ಬಿದ್ದಾಗ ಏನು ಮಾಡಬೇಕೆಂದು ಧರ್ಮಸಭೆಯಲ್ಲಿ ಮೊದಲಿನಿಂದಲೂ ಒಂದು ಕ್ರಮ ಇದೆಯಂತೆ. ಆ ಶನಿವಾರ ಸಂಜೆ ಫಾದರು ಬಂದರು. ಚರ್ಚಿನಲ್ಲಿ ಹುಡುಗಿಯ ತಾಯಿಯೂ ಸೇರಿ ನಾವು ಐದು ಜನ. ಹುಡುಗಿ ಬಟ್ಟಲಿನ ಮೇಲೆ ತಲೆ ಬಗ್ಗಿಸಿದಳು. ಇದ್ಯಾಕೆ ತಾತ ಎಂದು ಕೇಳಿದಳು. ಉಪದೇಶಿಗಳು ನನ್ನತ್ತ ಬೆರಳು ಮಾಡಿದರು.

"ನಿಮ್ ಮಾವನ್ಗೆ ಮರವು ಜಾಸ್ತಿ ಕಣವ್ವ, ಅದ್ಕೆ."

ಫಾದರು ನೀರು ಸುರಿಯುತ್ತ ಹೇಳಿದರು: "ನಿನಗೆ ಜ್ಞಾನಸ್ನಾನ ಆಗಿಲ್ಲವಾದರೆ, ಪಿತನ, ಸುತನ ಮತ್ತು ಪವಿತ್ರಾತ್ಮನ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ."

ಆಗಿಲ್ಲವಾದರೆ. ಪೂಜೆಯ ಮಾತಿನಲ್ಲಿ ಅನುಮಾನ ಇರುವುದಿಲ್ಲ, ಬರೀ ಹೌದು ಹೌದು ಎನ್ನುವುದು ಎಂದುಕೊಂಡಿದ್ದೆ. ಆಗಿದ್ದರೆ ಆದದ್ದಕ್ಕೆ ಅವಮಾನವಿಲ್ಲ, ಆಗಿಲ್ಲದಿದ್ದರೆ ಕೊರತೆ ಉಳಿಯುವುದಿಲ್ಲ. ನನ್ನಂಥ ಮರೆಗುಳಿಗಳು ಹುಟ್ಟುತ್ತಾರೆಂದು ಎಷ್ಟೋ ಹಿಂದೆಯೇ ತಿಳಿದು, ಯಾರೋ ಈ ಒಂದು ಪದಕ್ಕೆ ಜಾಗ ಮಾಡಿಟ್ಟಿದ್ದರು. ಹುಡುಗಿ ಒದ್ದೆ ತಲೆ ಅಲ್ಲಾಡಿಸಿ ನಕ್ಕಳು. ನಾನು ಬೆಂಚಿನ ಮೇಲೆ ಕುಳಿತುಬಿಟ್ಟೆ. ಅಷ್ಟು ಹಗುರವಾಗಿ ಅದಕ್ಕೆ ಮೊದಲು ಯಾವತ್ತು ಕುಳಿತಿದ್ದೆನೋ ತಿಳಿಯದು. ಉಪದೇಶಿಗಳು ಪಕ್ಕದಲ್ಲಿ ಬಂದು ಕುಳಿತರು. ಏನೋ ಹೇಳಿದರು, ನಾನು ಕೇಳಿಸಿಕೊಳ್ಳಲಿಲ್ಲ.

ಅವರು ಹೋಗಿ ಈಗ ಐದಾರು ವರ್ಷ. ಮಣ್ಣು ಹಾಕುವಾಗ ಎಲ್ಲರ ಜೊತೆ ನಾನೂ ಮಂಡಿ ಊರಿದೆ, ಎಲ್ಲರೂ ಹೇಳಿದ ಮಾತನ್ನೇ ಹೇಳಿದೆ. ನಂಬಿಕೆ ಬಂದಿತೆಂದಲ್ಲ. ನನ್ನದೇ ಆದ ಮಾತು ಅವತ್ತು ಒಂದೂ ಸಿಗಲಿಲ್ಲ. ಆ ಮಾತು ಅಲ್ಲೇ ಇತ್ತು, ಹಿಡಿದುಕೊಂಡೆ.

ವಿಚಿತ್ರವೆಂದರೆ, ಈಚೆಗೆ ಬಾಬುರಾಯನಕೊಪ್ಪಲಿನ ಆ ಮಧ್ಯಾಹ್ನ ನನಗೆ ಪೂರ್ತಿಯಾಗಿ ನೆನಪಾಗುತ್ತದೆ. ಹಾರನ್ನಿನ ಸದ್ದಿನ ನಡುವೆ ನಾನು ಮೂರು ಹೆಸರನ್ನೂ ಸ್ಪಷ್ಟವಾಗಿ ಹೇಳಿದ್ದು ಕೇಳಿಸುತ್ತದೆ. ಈ ನೆನಪನ್ನು ನಾನು ನಂಬುವುದಿಲ್ಲ. ಭಾರ ಇಳಿದವನಿಗೆ ನೆನಪು ಇಂಥ ಉಪಕಾರ ಮಾಡುತ್ತದೆ ಎಂಬುದು ನನಗೆ ಗೊತ್ತು. ನಂಬುವ ಅಗತ್ಯವೂ ಈಗ ಇಲ್ಲ. ತಾತ, ನಾನು ಆವತ್ತೇ ಪೂರ್ತಿ ಹೇಳಿದ್ದೆ ಅನ್ನಿಸುತ್ತಿದೆ ಎಂದು ಒಂದು ಸಲ ಹೇಳಿ, ಅವರ ಬಾಯಲ್ಲಿ ಚೆನ್ನಾಗಿ ಬೈಸಿಕೊಳ್ಳಬೇಕಿತ್ತು.